ನೋವಿನ ಮಾತ್ರೆ, ನರದ ಮಾತ್ರೆ



ಕನ್ನಡದ ಆಡುನುಡಿಯಲ್ಲಿ ‘ನರ’ ಎಂಬ ಪದದ ಹೊರೆ ಬಹಳ ದೊಡ್ಡದು. ಕೈಯ ಮೇಲೆ ಹಸಿರಾಗಿ ಉಬ್ಬಿ ಕಾಣುವ ರಕ್ತನಾಳವನ್ನು ನಾವು ನರವೆನ್ನುತ್ತೇವೆ; ಕತ್ತು ಹಿಡಿದುಕೊಂಡರೆ ನರ ಹಿಡಿಯಿತೆನ್ನುತ್ತೇವೆ; ಮೈಯಲ್ಲಿ ತ್ರಾಣವಿಲ್ಲದಿದ್ದರೆ ನರದೌರ್ಬಲ್ಯವೆನ್ನುತ್ತೇವೆ. ವೈದ್ಯರು ನರವೆಂದಾಗ ಅವರ ಮನಸ್ಸಿನಲ್ಲಿ ಇರುವುದು ಬೇರೆಯೇ ವಸ್ತು. ಮೆದುಳು ಮತ್ತು ಬೆನ್ನುಹುರಿಯಿಂದ ಬೆರಳ ತುದಿಯವರೆಗೆ ಹಬ್ಬಿ, ಸ್ಪರ್ಶದ ಸುದ್ದಿಯನ್ನು ಮೇಲಕ್ಕೂ ಚಲನೆಯ ಆಜ್ಞೆಯನ್ನು ಕೆಳಕ್ಕೂ ಒಯ್ಯುವ ತಂತುವನ್ನು ಅವರು ನರವೆನ್ನುತ್ತಾರೆ. ಈ ತಂತುವಿಗೆ ಪೆಟ್ಟಾದಾಗ ಹುಟ್ಟುವ ನೋವಿನ ಬಗೆಯೂ ಬೇರೆ. ಗಾಯದ ನೋವು ಗಾಯವಿರುವಲ್ಲಿ ನಿಲ್ಲುತ್ತದೆ. ನರದ ನೋವು ಉರಿಯುತ್ತದೆ, ಜುಮ್ಮೆನ್ನುತ್ತದೆ, ಇರುವೆ ಹರಿದಂತಾಗುತ್ತದೆ, ಒಮ್ಮೊಮ್ಮೆ ವಿದ್ಯುತ್ತು ತಗುಲಿದಂತೆ ಮೊಣಕೈಯಿಂದ ಬೆರಳಿಗೆ ಹೊಡೆಯುತ್ತದೆ.

ಇಂಥ ನೋವಿಗೆ ಇಂದು ಗ್ಯಾಬಪೆಂಟಿನ್ ಅಥವಾ ಪ್ರೀಗ್ಯಾಬಲಿನ್ ಎಂಬ ಔಷಧಗಳನ್ನು ಹೆಚ್ಚಾಗಿ ಕೊಡುತ್ತಾರೆ. ಕೆಲವು ಸಂದರ್ಭಗಳಲ್ಲಿ ಇವುಗಳ ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಡುತ್ತಾರೆ. ಈ ವರ್ಷ ನಮ್ಮ ಮಠದ ಇಬ್ಬರು ಭಕ್ತರ ಕೈಯಲ್ಲಿ ಇದೇ ಜೋಡಿಯನ್ನು ಕಂಡೆ. ಒಬ್ಬರಿಗೆ ಅದು ಬೇಕೇಬೇಕಾಗಿತ್ತು. ಇನ್ನೊಬ್ಬರಿಗೆ ಅದರಲ್ಲಿ ಒಂದು ಮಾತ್ರೆ ಕೇಡು ತರುವಂಥದಾಗಿತ್ತು. ವಿಚಿತ್ರವೆಂದರೆ, ಬೇಕಾದವರು ಬಿಡಲು ಹೊರಟಿದ್ದರು, ಬೇಡವಾದವರು ನುಂಗಲು ಹೊರಟಿದ್ದರು. ನಾನು ವೈದ್ಯನಲ್ಲ, ಕನ್ನಡದ ವಿದ್ಯಾರ್ಥಿ. ಆದರೆ ಒಂದೇ ಪದ ಎರಡು ವಚನಗಳಲ್ಲಿ ಎರಡು ಅರ್ಥ ಕೊಡುವುದನ್ನು ದಿನವೂ ನೋಡುವ ನನಗೆ, ಒಂದೇ ಮಾತ್ರೆ ಇಬ್ಬರ ದೇಹದಲ್ಲಿ ಬೇರೆಬೇರೆ ಫಲ ಕೊಡುವುದು ವಿವರಣೆಗೆ ಯೋಗ್ಯವಾದ ವಿಷಯವೆನಿಸಿತು. ವೈದ್ಯರಿಂದ ಕೇಳಿ ತಿಳಿದುದನ್ನೂ ಓದಿ ಖಚಿತಪಡಿಸಿಕೊಂಡುದನ್ನೂ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲನೆಯವರು ವಿಜಯನಗರದಲ್ಲಿ ಹೂ ಕಟ್ಟಿ ಮಾರುವ ಹಿರಿಯರು. ಹೂ ಕಟ್ಟುವುದು ಅವರ ಕಾಯಕ. ಮಠದ ಪೂಜೆಗೂ ವರ್ಷಗಳಿಂದ ಅವರದೇ ಹೂಮಾಲೆ. ಅವರ ಮುಂಗೈಯ ಮೇಲೆ ಒಂದು ಬಿಳಿಚಿದ ಮಚ್ಚೆ ಮೂಡಿ, ಅಲ್ಲಿ ಚಿವುಟಿದರೂ ತಿಳಿಯದಂತಾಯಿತು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಅದು ಕುಷ್ಠರೋಗವೆಂದು ತಿಳಿಯಿತು. ಚಿಕಿತ್ಸೆ ಆರಂಭವಾಗಿ ಎರಡು ತಿಂಗಳಾದ ಮೇಲೆ ಮೊಣಕೈಯ ಹಿಂಭಾಗ ಊದಿ, ಅಲ್ಲಿಂದ ಕಿರುಬೆರಳಿನವರೆಗೆ ಉರಿ ಎದ್ದಿತು. ದಾರ ಎಳೆದು ಗಂಟು ಬಿಗಿಯುವಾಗ ಬೆರಳು ಜಾರತೊಡಗಿತು. ಆಗ ವೈದ್ಯರು ಬೆಳಿಗ್ಗೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನನ್ನೂ ರಾತ್ರಿ 75 ಮಿಲಿಗ್ರಾಂ ಪ್ರೀಗ್ಯಾಬಲಿನನ್ನೂ ಬರೆದುಕೊಟ್ಟರು. ಮೊದಲಿನ ಮಾತ್ರೆಗಳನ್ನೂ ಬಿಡಕೂಡದೆಂದರು.

ಕುಷ್ಠರೋಗ ಈಗಲೂ ಇದೆಯೇ ಎಂದು ನಮ್ಮವರೇ ಕೆಲವರು ಕೇಳಿದರು. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಯ ಕಡೆಯಿಂದ ಹೊರವರ್ತುಲ ರಸ್ತೆಯಲ್ಲಿ ಓಡಾಡುವ ನಾವೆಲ್ಲರೂ ಮಾಗಡಿ ರಸ್ತೆ ಕೂಡುವಲ್ಲಿ ಸುಮನಹಳ್ಳಿ ಮೇಲ್ಸೇತುವೆಯನ್ನು ದಾಟುತ್ತೇವೆ. ಆ ಹೆಸರು ಅಲ್ಲಿಗೆ ಬಂದುದು 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಪುನರ್ವಸತಿಗಾಗಿ ಆರಂಭವಾದ ಕೇಂದ್ರದಿಂದ ಎಂಬುದು ಬಹುಮಂದಿಗೆ ಮರೆತುಹೋಗಿದೆ. ಸುಮನವೆಂದರೆ ಒಳ್ಳೆಯ ಮನಸ್ಸು. ಸಂಸ್ಕೃತದ ‘ಸುಮನಸ್’ ಎಂಬುದಕ್ಕೆ ಹೂವೆಂಬ ಅರ್ಥವೂ ಉಂಟು. 2005ರ ಡಿಸೆಂಬರಿನಲ್ಲಿ ಭಾರತವು ಈ ರೋಗದ ಪ್ರಮಾಣವನ್ನು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಕ್ಕಿಳಿಸಿತು. ಹಾಗೆಂದು ರೋಗ ಅಳಿಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿಯೂ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಹೊಸ ರೋಗಿಗಳು ಪತ್ತೆಯಾಗಿದ್ದಾರೆ. ಇದಕ್ಕೆ ಕೊಡುವ ಬಹು ಔಷಧ ಚಿಕಿತ್ಸೆ ಉಚಿತ. ಔಷಧ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಸೋಂಕು ಹರಡುವುದು ನಿಲ್ಲುತ್ತದೆ. ಹೂವಿನ ಬುಟ್ಟಿಯನ್ನು ಕಂಡು ಹಿಂದೆ ಸರಿದವರಿಗೆ ನಾನು ಹೇಳಿದ್ದು ಇಷ್ಟನ್ನೇ. ಪೂಜೆಗೆ ಹೂ ಅವರ ಕೈಯಿಂದಲೇ ಬರುತ್ತಿದೆ.

ಈಗ ಎರಡು ಮಾತ್ರೆಗಳ ವಿಷಯಕ್ಕೆ ಬರೋಣ. ಕುಷ್ಠದ ರೋಗಾಣು ನರದೊಳಗೆ ಮನೆ ಮಾಡಿಕೊಳ್ಳುತ್ತದೆ. ಔಷಧದಿಂದ ಅದು ಸತ್ತರೂ ಅದರ ಅವಶೇಷ ಅಲ್ಲಿಯೇ ಇರುತ್ತದೆ. ಆ ಅವಶೇಷದ ಮೇಲೆ ದೇಹದ ರಕ್ಷಣಾಶಕ್ತಿ ಎರಗಿದಾಗ ನರ ಊದಿಕೊಳ್ಳುತ್ತದೆ. ಮೊಣಕೈಯ ಹಿಂದೆ ನರ ಸಾಗುವ ದಾರಿ ಇಕ್ಕಟ್ಟಾದುದು; ಊದಿದ ನರ ಆ ಇಕ್ಕಟ್ಟಿನಲ್ಲಿ ನಲುಗಿ, ಅದಕ್ಕೆ ಹರಿಯಬೇಕಾದ ರಕ್ತವೂ ಕಡಿಮೆಯಾಗುತ್ತದೆ. ಈ ಉರಿಯೂತವನ್ನು ಸಕಾಲದಲ್ಲಿ ಇಳಿಸದಿದ್ದರೆ ನರತಂತುಗಳು ಅಳಿದು, ಬೆರಳುಗಳು ಶಾಶ್ವತವಾಗಿ ಮಡಿಚಿಕೊಳ್ಳಬಹುದು. ಪ್ರೆಡ್ನಿಸೊಲೋನ್ ಮಾಡುವ ಕೆಲಸ ಈ ಊತವನ್ನು ಇಳಿಸುವುದು.

ಪ್ರೀಗ್ಯಾಬಲಿನ್ ಊತದ ತಂಟೆಗೆ ಹೋಗುವುದಿಲ್ಲ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಹೋಗುವ ದ್ವಾರಗಳಿವೆ. ಅವುಗಳ ಒಂದು ಭಾಗಕ್ಕೆ ಅಂಟಿಕೊಂಡು, ನೋವಿನ ಸುದ್ದಿಯನ್ನು ಒಂದು ನರದಿಂದ ಇನ್ನೊಂದಕ್ಕೆ ದಾಟಿಸುವ ರಾಸಾಯನಿಕಗಳ ಬಿಡುಗಡೆಯನ್ನು ಅದು ತಗ್ಗಿಸುತ್ತದೆ. ಗ್ಯಾಬಪೆಂಟಿನ್ ಕೆಲಸ ಮಾಡುವುದೂ ಹೀಗೆಯೇ. ಗಾಬಾ ಎಂಬ ಮೆದುಳಿನ ರಾಸಾಯನಿಕವನ್ನು ಅನುಕರಿಸಲೆಂದು ಅದನ್ನು ರೂಪಿಸಿ, ಆ ಹೆಸರನ್ನೇ ಇಟ್ಟರು. ಕಡೆಗೆ ಅದು ಕೆಲಸ ಮಾಡುವ ಜಾಗವೇ ಬೇರೆಯೆಂದು ತಿಳಿಯಿತು. ಅಮೆರಿಕದಲ್ಲಿ 1993ರಲ್ಲಿ ಮೂರ್ಛೆರೋಗಕ್ಕೆಂದು ಅದಕ್ಕೆ ಅನುಮತಿ ದೊರೆಯಿತು. ನರದ ನೋವಿಗೆ ಅನುಮತಿ ದೊರೆತುದು 2002ರಲ್ಲಿ.

ಹೀಗೆ ಒಂದು ಮಾತ್ರೆ ನರವನ್ನು ಉಳಿಸಲು ಯತ್ನಿಸುತ್ತದೆ. ಇನ್ನೊಂದು ನರ ಕಳಿಸುವ ನೋವಿನ ಸುದ್ದಿಯನ್ನು ಮೆಲ್ಲಗಾಗಿಸುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಸೇವಿಸುವವರಿಗೆ ಅನುಭವಕ್ಕೆ ಬರುವುದು ನೋವು ಮಾತ್ರ. ನರ ಉಳಿಯಿತೋ ಅಳಿಯಿತೋ ಎಂಬುದು ಒಳಗಿನಿಂದ ತಿಳಿಯುವುದಿಲ್ಲ.

ಮೂರನೆಯ ವಾರದ ಒಂದು ಸಂಜೆ ಹಿರಿಯರು ಮಾತ್ರೆಯ ಚೀಟಿ ಹಿಡಿದು ಬಂದರು.

“ಮೇಷ್ಟ್ರೇ, ರಾತ್ರಿ ಮಾತ್ರೆಯೇ ಕೆಲಸ ಮಾಡ್ತಿರೋದು. ಉರಿ ಪೂರಾ ಹೋಯ್ತು. ಬೆಳಗಿನದು ಸ್ಟೀರಾಯ್ಡಂತೆ, ಮುಖ ಊದಿಸುತ್ತೆ, ಮೂಳೆ ಸವೆಸುತ್ತೆ ಅಂತಾರೆ. ನೋವೇ ಹೋದ ಮೇಲೆ ಅದ್ಯಾಕೆ? ನಾಳೆಯಿಂದ ಬಿಟ್ಟುಬಿಡ್ತೀನಿ.”

“ಯಜಮಾನರೇ, ಬಿಡೋದೋ ಬೇಡವೋ ಡಾಕ್ಟರನ್ನೇ ಕೇಳೋಣ. ನಾನೂ ಜೊತೆಗೆ ಬರ್ತೀನಿ. ಅಲ್ಲಿವರೆಗೆ ಬೆಳಗಿನದನ್ನ ತಪ್ಪಿಸಬೇಡಿ,” ಎಂದೆ.

ಮರುದಿನ ಆಸ್ಪತ್ರೆಯ ವೈದ್ಯೆಯವರು ನೋವಿನ ಮಾತನ್ನು ಕೇಳಿಕೊಂಡರು. ಆದರೆ ಅದನ್ನು ನಂಬಿ ತೀರ್ಮಾನಿಸಲಿಲ್ಲ. ಹಿರಿಯರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಬಾಲ್‌ಪೆನ್ನಿನ ತುದಿಯಿಂದ ಅಂಗೈಯ ಅಲ್ಲಲ್ಲಿ ಮುಟ್ಟಿ, ಮುಟ್ಟಿದ ಜಾಗವನ್ನು ತೋರಿಸಲು ಹೇಳಿದರು. ಕಿರುಬೆರಳನ್ನು ಹೊರಕ್ಕೆ ಚಾಚಿಸಿ, ತಮ್ಮ ಬೆರಳಿನಿಂದ ಅದನ್ನು ಒಳಕ್ಕೆ ಒತ್ತಿದರು. ಎರಡು ಬೆರಳುಗಳ ನಡುವೆ ಒಂದು ಕಾಗದ ಸಿಕ್ಕಿಸಿ ಎಳೆದರು. ಕಾಗದ ಸುಲಭವಾಗಿ ಜಾರಿ ಬಂದಿತು. ಪೆನ್ನು ಮುಟ್ಟಿದ ಎರಡು ಜಾಗಗಳು ಹಿರಿಯರಿಗೆ ತಿಳಿಯಲೇ ಇಲ್ಲ.

“ನಿಮ್ಮ ನೋವು ಹೋಗಿದೆ, ನಿಮ್ಮ ನರ ಇನ್ನೂ ಮರಳಿಲ್ಲ. ಈಗ ಇದನ್ನು ಬಿಟ್ಟರೆ ಹೂ ಕಟ್ಟೋ ಬೆರಳೇ ಹೋಗಬಹುದು,” ಎಂದರು.

ನಮ್ಮ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪ್ರೆಡ್ನಿಸೊಲೋನಿಗೆ ರೂಢಿಯಲ್ಲಿರುವ ಕ್ರಮವೊಂದುಂಟು: 40 ಮಿಲಿಗ್ರಾಮಿನಿಂದ ಆರಂಭಿಸಿ ಎರಡೆರಡು ವಾರಕ್ಕೊಮ್ಮೆ 30, 20, 15, 10, 5 ಎಂದು ಇಳಿಸುತ್ತ 12 ವಾರಗಳಲ್ಲಿ ಮುಗಿಸುವುದು. ಅಗತ್ಯವಿದ್ದರೆ ಇನ್ನಷ್ಟು ಕಾಲ ಮುಂದುವರಿಸುತ್ತಾರೆ. ಕುಷ್ಠದಿಂದ ಇತ್ತೀಚೆಗೆ ನರಹಾನಿಯಾದವರಲ್ಲಿ 20 ವಾರಗಳ ಮತ್ತು 32 ವಾರಗಳ ಚಿಕಿತ್ಸೆಯನ್ನು ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 20 ವಾರಗಳಿಗಿಂತ ಹೆಚ್ಚು ಕಾಲ ಕೊಟ್ಟುದರಿಂದ ಹೆಚ್ಚಿನ ಫಲ ಕಾಣಲಿಲ್ಲ. ಅಂದರೆ ಈ ಮಾತ್ರೆಗೆ ಒಂದು ಆರಂಭವೂ ಒಂದು ಕೊನೆಯೂ ಇದೆ. ಆ ಕೊನೆಯನ್ನು ಗೊತ್ತುಮಾಡುವುದು ಬೆರಳಿನ ಬಲ ಮತ್ತು ಚರ್ಮದ ಸ್ಪರ್ಶದ ಪರೀಕ್ಷೆ. ಈ ಲೆಕ್ಕ ತಿಳಿವಳಿಕೆಗಾಗಿ ಮಾತ್ರವೇ ಹೊರತು, ಯಾರೂ ತಾವೇ ಅನುಸರಿಸತಕ್ಕದ್ದಲ್ಲ.

ನೋವೇ ಇಲ್ಲದೆ ನರ ಅಳಿಯುವುದೂ ಉಂಟು. ಕುಷ್ಠರೋಗದಲ್ಲಿ ಅದನ್ನು ಮೌನ ನರದುರಿತವೆಂದು ಕರೆಯಬಹುದು. ರೋಗಿಗೆ ಯಾವ ಉರಿಯೂ ಇರುವುದಿಲ್ಲ. ಒಂದು ದಿನ ಚಪ್ಪಲಿ ಕಾಲಿನಿಂದ ಜಾರಿ ಬಿದ್ದುದು ತಿಳಿಯುವುದಿಲ್ಲ. ಅಂಥವರಿಗೆ ನೋವಿನ ಮಾತ್ರೆ ಬೇಕಿಲ್ಲ, ಸ್ಟೀರಾಯ್ಡ್ ಬೇಕಾಗಬಹುದು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಜನಿಸಿ, 1946ರಿಂದ ವೆಲ್ಲೂರಿನಲ್ಲಿ ಶಸ್ತ್ರವೈದ್ಯರಾಗಿದ್ದ ಪಾಲ್ ಬ್ರ್ಯಾಂಡ್ ಅವರು ಈ ವಿಷಯದಲ್ಲಿ ಲೋಕದ ಕಣ್ಣು ತೆರೆಸಿದವರಲ್ಲೊಬ್ಬರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತದೆಂದು ಜನ ನಂಬಿದ್ದರು. ಬ್ರ್ಯಾಂಡ್ ಅವರು ಅದು ಹಾಗಲ್ಲವೆಂದು ತೋರಿದರು: ನೋವು ತಿಳಿಯದ ಕೈ ಬಿಸಿ ಪಾತ್ರೆಯನ್ನು ಹಿಡಿಯುತ್ತದೆ, ಗಾಯವಾದ ಮೇಲೂ ಕೆಲಸ ಮಾಡುತ್ತದೆ, ಹೀಗೆ ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ಆದ್ದರಿಂದ ನೋವಿಲ್ಲದಿರುವುದನ್ನು ಆರೋಗ್ಯವೆಂದು ತಿಳಿಯುವುದು ನರದ ಕಾಯಿಲೆಯಲ್ಲಿ ಅಪಾಯಕರ.

ಇನ್ನು ಎರಡನೆಯವರ ಮಾತು. ಕೆಂಗೇರಿಯಿಂದ ಬರುವ ಒಬ್ಬ ತಾಯಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಎರಡೂ ಪಾದಗಳಲ್ಲಿ ರಾತ್ರಿ ಹೊತ್ತು ಉರಿ. ಅವರಿಗೂ ವೈದ್ಯರು ಪ್ರೀಗ್ಯಾಬಲಿನನ್ನೇ ಕೊಟ್ಟಿದ್ದರು. ದಾಸೋಹದ ಪಂಕ್ತಿಯಲ್ಲಿ ಹೂವಿನ ಹಿರಿಯರ ಕತೆ ಕೇಳಿದ ಅವರು, ತಮ್ಮ ಉರಿಯೂ ಹಾಗೆಯೇ ಪೂರ್ತಿ ಹೋಗಲೆಂದು ಅದೇ ಬೆಳಗಿನ ಮಾತ್ರೆಯ ಹೆಸರನ್ನು ನನ್ನಿಂದ ಬರೆಸಿಕೊಳ್ಳಲು ಬಂದರು.

“ಅಮ್ಮಾ, ಉರಿ ಒಂದೇ ಥರ ಇದ್ದರೂ ಉರಿಯೋದಕ್ಕೆ ಕಾರಣ ಬೇರೆ. ಆ ಮಾತ್ರೆ ನಿಮಗೆ ಸಕ್ಕರೆ ಏರಿಸುತ್ತೆ,” ಎಂದು ಹೇಳಿ, ಚೀಟಿ ಬರೆಯದೆ ಕಳಿಸಿದೆ. ಅವರ ವೈದ್ಯರು ನಂತರ ಇದನ್ನೇ ವಿವರಿಸಿದರಂತೆ. ಸಕ್ಕರೆ ಕಾಯಿಲೆಯಲ್ಲಿ ವರ್ಷಾನುಗಟ್ಟಲೆ ಏರಿದ ಸಕ್ಕರೆಯಿಂದ ನರ ಬಳಲಿರುತ್ತದೆ. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಇನ್ನೂ ಏರಿಸುತ್ತದೆ. ಅಂದರೆ ನರವನ್ನು ಕೆಡಿಸಿದ ಕಾರಣವನ್ನೇ ಅದು ಹೆಚ್ಚಿಸಿದಂತಾಗುತ್ತದೆ. ಅವರಿಗೆ ಬೇಕಾದುದು ಸಕ್ಕರೆಯ ಹತೋಟಿ, ಪಾದದ ಆರೈಕೆ, ನೋವಿನ ಮಾತ್ರೆ.

ಇವೆರಡರ ನಡುವೆ ಇರುವ ಕಾಯಿಲೆಗಳೂ ಇವೆ. ಸರ್ಪಸುತ್ತು ಎದ್ದಾಗ ಕೆಮ್ಮಣ್ಣು ಬಳಿದು, ತಲೆಯೂ ಬಾಲವೂ ಕೂಡಿದರೆ ಪ್ರಾಣಾಪಾಯವೆಂದು ಹೆದರುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆ. ಅದು ಬಾಲ್ಯದ ಸಿಡುಬಿನಂಥ ಕಾಯಿಲೆಯಾದ ಸೀತಾಳೆಸಿಡುಬಿನ ವೈರಾಣು ನರದ ಬುಡದಲ್ಲಿ ಅಡಗಿದ್ದು ಮತ್ತೆ ಎದ್ದುದು. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಾಣುವಿನ ವಿರುದ್ಧ ಔಷಧ ಆರಂಭಿಸುವುದು ಮುಖ್ಯ. ಅದರ ಜೊತೆಗೆ ಕೆಲವು ದಿನ ಸ್ಟೀರಾಯ್ಡ್ ಕೊಟ್ಟರೆ ಆರಂಭದ ನೋವು ಸ್ವಲ್ಪ ತಗ್ಗಬಹುದು. ಆದರೆ ಗುಳ್ಳೆ ಒಣಗಿದ ಮೇಲೆ ತಿಂಗಳುಗಟ್ಟಲೆ ಉಳಿಯುವ ನೋವನ್ನು ಅದು ತಡೆಯುವುದಿಲ್ಲವೆಂದು ಅಧ್ಯಯನಗಳಿಂದ ತಿಳಿದಿದೆ. ಆ ಉಳಿದ ನೋವಿಗೆ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಒದಗುತ್ತವೆ.

ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿನಲ್ಲಿ ಈ ಎರಡು ಔಷಧಗಳ ಮೇಲೆ ಇಟ್ಟಿದ್ದ ಭರವಸೆ ಅಷ್ಟಾಗಿ ಫಲಿಸಿಲ್ಲ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹದಿನೈದು ದಿನ ಸ್ಟೀರಾಯ್ಡ್ ಮಾತ್ರೆ ನುಂಗಿದವರ ಓಡಾಟ ತುಸು ಸುಧಾರಿಸಿತಾದರೂ ನೋವು ಕಡಿಮೆಯಾಗಲಿಲ್ಲ. 2017ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಪ್ರೀಗ್ಯಾಬಲಿನ್, ಔಷಧವಿಲ್ಲದ ಹುಸಿಮಾತ್ರೆಗಿಂತ ಮೇಲಾಗಿರಲಿಲ್ಲ. ತಲೆಸುತ್ತು ಮಾತ್ರ ಹೆಚ್ಚಿತ್ತು. ಆದ್ದರಿಂದ ಬೆನ್ನುನೋವಿಗೆಂದು ಔಷಧದಂಗಡಿಯಲ್ಲಿ ತಾವೇ ಕೇಳಿ ಈ ಜೋಡಿಯನ್ನು ಕೊಂಡು ನುಂಗುವುದು ಸಲ್ಲದು.

ಒಟ್ಟಿಗೆ ಸೇವಿಸಿದರೆ ಇವೆರಡೂ ಪರಸ್ಪರ ಹೊಡೆದಾಡುವುದಿಲ್ಲವೇ ಎಂಬ ಸಂದೇಹ ಸಹಜ. ಪ್ರೆಡ್ನಿಸೊಲೋನ್ ಯಕೃತ್ತಿನಲ್ಲಿ ಕರಗುತ್ತದೆ. ಪ್ರೀಗ್ಯಾಬಲಿನ್ ಹಾಗೂ ಗ್ಯಾಬಪೆಂಟಿನ್ ಬಹುಮಟ್ಟಿಗೆ ಇದ್ದ ಹಾಗೆಯೇ ಮೂತ್ರಪಿಂಡದ ಮೂಲಕ ಹೊರಹೋಗುತ್ತವೆ. ಹೀಗಾಗಿ ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಆದರೆ ನರದ ನೋವಿಗೆ, ಅದರಲ್ಲಿಯೂ ಮುಖದ ನರದ ನೋವಿಗೆ, ಕೊಡುವ ಕಾರ್ಬಮಜೆಪಿನ್ ಹಾಗಲ್ಲ. ಅದು ಯಕೃತ್ತನ್ನು ಚುರುಕುಗೊಳಿಸಿ ಪ್ರೆಡ್ನಿಸೊಲೋನ್ ಬೇಗ ಕರಗುವಂತೆ ಮಾಡುತ್ತದೆ. ಸ್ಟೀರಾಯ್ಡಿನ ಬಲ ಕುಂದುತ್ತದೆ. ಮೂರ್ಛೆರೋಗದ ಫೆನಿಟೋಯಿನ್, ಕ್ಷಯಕ್ಕೆ ದಿನವೂ ಕೊಡುವ ರಿಫಾಂಪಿಸಿನ್ ಕೂಡ ಹೀಗೆಯೇ. ಆದುದರಿಂದ ‘ನರದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಹೇಳಿದರೆ ಸಾಲದು. ಮಾತ್ರೆಯ ಹಾಳೆಯನ್ನೇ ವೈದ್ಯರಿಗೆ ತೋರಿಸಬೇಕು.

ನೇರ ವಿರೋಧವಿಲ್ಲದಿದ್ದರೂ ಅಡ್ಡಪರಿಣಾಮಗಳು ಒಂದರ ಮೇಲೊಂದು ಕೂಡುವುದುಂಟು. ಎರಡರಿಂದಲೂ ಕಾಲು ಊದಬಹುದು, ತೂಕ ಏರಬಹುದು. ಪ್ರೀಗ್ಯಾಬಲಿನ್ ತೂಕಡಿಕೆ, ತಲೆಸುತ್ತು ತರುತ್ತದೆ. ಸ್ಟೀರಾಯ್ಡ್ ಬಹುಕಾಲ ಸೇವಿಸಿದರೆ ತೊಡೆಯ ಸ್ನಾಯುಗಳ ಬಲ ಕುಗ್ಗಿ, ಮೂಳೆ ಟೊಳ್ಳಾಗುತ್ತದೆ. ಸುತ್ತುವ ತಲೆ, ಸೋತ ತೊಡೆ, ಟೊಳ್ಳು ಮೂಳೆ ಮೂರೂ ಸೇರಿದರೆ ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವ ಭಯ. ಮೂತ್ರಪಿಂಡ ಸರಿಯಿಲ್ಲದವರಿಗೆ ಪ್ರೀಗ್ಯಾಬಲಿನಿನ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಉಬ್ಬಸದಂಥ ಶ್ವಾಸಕೋಶದ ತೊಂದರೆ ಇರುವವರಲ್ಲಿ, ವೃದ್ಧರಲ್ಲಿ, ಮತ್ತು ಬರಿಸುವ ಇತರ ಔಷಧ ಸೇವಿಸುವವರಲ್ಲಿ ಈ ಬಗೆಯ ಮಾತ್ರೆಗಳಿಂದ ಉಸಿರಾಟ ಕುಂಠಿತವಾಗಬಹುದೆಂದು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಸ್ಟೀರಾಯ್ಡ್ ಸೇವಿಸುವಷ್ಟು ಕಾಲ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುತ್ತಿರಬೇಕು; ಬೆಳಿಗ್ಗೆ ಉಪಾಹಾರದೊಡನೆ ನುಂಗಿದರೆ ಹೊಟ್ಟೆಗೂ ಹಿತ, ರಾತ್ರಿಯ ನಿದ್ದೆಗೂ ಹಿತ.

ಎರಡನ್ನೂ ಥಟ್ಟನೆ ನಿಲ್ಲಿಸಬಾರದು. ಕಾರಣಗಳು ಮಾತ್ರ ಬೇರೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದಿನವೂ ನಮಗೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುತ್ತದೆ. ಹೊರಗಿನಿಂದ ವಾರಗಟ್ಟಲೆ ಅದು ಬರುತ್ತಿದ್ದರೆ ಗ್ರಂಥಿ ಕೆಲಸ ತಗ್ಗಿಸಿ ಸುಮ್ಮನಾಗುತ್ತದೆ. ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಅದು ಕೂಡಲೇ ಎಚ್ಚರಗೊಳ್ಳದು. ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ ಕಂಡುಬಂದು ಪ್ರಾಣಕ್ಕೂ ಅಪಾಯವಾಗಬಹುದು. ಪ್ರೀಗ್ಯಾಬಲಿನನ್ನು ಒಮ್ಮೆಲೇ ಬಿಟ್ಟರೆ ನಿದ್ರಾಹೀನತೆ, ಬೆವರು, ತಳಮಳ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ಅದನ್ನು ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು. ಇವೆರಡನ್ನೂ ಒಂದೇ ದಿನ ಆರಂಭಿಸಿದ್ದರೂ ಒಂದೇ ದಿನ ಮುಗಿಸಬೇಕೆಂಬ ನಿಯಮವಿಲ್ಲ.

ಹೂವಿನ ಹಿರಿಯರ ವಿಷಯದಲ್ಲಿ ಆದದ್ದೂ ಹಾಗೆಯೇ. ಸ್ಟೀರಾಯ್ಡ್ ಪೂರ್ಣಾವಧಿ ಮುಗಿದು ನಿಂತಿತು. ಕಿರುಬೆರಳಿನ ಬಲ ಬಹುಪಾಲು ಮರಳಿತು. ಅಂಗೈಯ ಅಂಚಿನಲ್ಲಿ ಒಂದು ಜಾಗ ಜೋಮಾಗಿಯೇ ಉಳಿಯಿತು. ನಡುನಡುವೆ ಚುಳುಕು ಹೊಡೆಯುವುದರಿಂದ ರಾತ್ರಿಯ ಮಾತ್ರೆ ಇನ್ನೂ ಇದೆ. ಹಿಂದೆ ನೋವು ಹೋಯಿತೆಂದು ಸ್ಟೀರಾಯ್ಡ್ ಬಿಡಲು ಹೊರಟಿದ್ದವರೇ, ಈಗ ನೋವು ಉಳಿದಿದೆಯೆಂದು ಸ್ಟೀರಾಯ್ಡ್ ಮತ್ತೆ ಬೇಕೇ ಎಂದು ಕೇಳಿದರು. ಪರೀಕ್ಷೆಯಲ್ಲಿ ಹೊಸ ನಷ್ಟವೇನೂ ಕಾಣದಿದ್ದುದರಿಂದ ಬೇಡವೆಂದರು ವೈದ್ಯೆಯವರು. ವಾಸಿಯಾಗುತ್ತಿರುವ ನರವೂ ಬಹುಕಾಲ ಗೊಣಗುತ್ತಿರುವುದುಂಟು. ಹೊಸದಾಗಿ ಬಲ ಕುಂದಿದರೆ ಅಥವಾ ಸ್ಪರ್ಶ ತಪ್ಪಿದರೆ ಅಂದೇ ಬರಬೇಕೆಂದು ತಿಳಿಸಿದರು.

ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಎರಡು ಮಾತ್ರೆಗಳನ್ನು ಒಟ್ಟಿಗೆ ಬರೆದುಕೊಟ್ಟರೆ ವೈದ್ಯರನ್ನು ವಿನಯದಿಂದ ನಾಲ್ಕು ಮಾತು ಕೇಳಿ: ಯಾವುದು ನರಕ್ಕೆ, ಯಾವುದು ನೋವಿಗೆ? ಯಾವುದನ್ನು ಎಷ್ಟು ವಾರ, ಯಾವ ಕ್ರಮದಲ್ಲಿ ಇಳಿಸಬೇಕು? ಈಗಾಗಲೇ ಸೇವಿಸುತ್ತಿರುವ ಬೇರೆ ಔಷಧಕ್ಕೆ ಇದು ಹೊಂದುತ್ತದೆಯೇ? ನರದ ಬಲವನ್ನು ಮತ್ತೆ ಪರೀಕ್ಷಿಸುವ ದಿನ ಯಾವುದು? ನೋವನ್ನು ಹೇಳುವಾಗ ಬರಿದೆ ‘ನರ ಎಳೆಯುತ್ತದೆ’ ಎನ್ನದೆ, ಉರಿಯೋ, ಜೋಮೋ, ಚುಳುಕೋ, ಮುಟ್ಟಿದರೆ ತಿಳಿಯದೋ, ಹಿಡಿದ ವಸ್ತು ಜಾರುವುದೋ ಎಂದು ಬಿಡಿಸಿ ಹೇಳಿ. ವೈದ್ಯರು ನರದ ನೋವನ್ನು ಗುರುತಿಸಲು ಬಳಸುವ ಪ್ರಶ್ನಾವಳಿಗಳಲ್ಲಿಯೂ ಇಂಥ ಮಾತುಗಳೇ ಇವೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ನಾಚದೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ; ಔಷಧಕ್ಕೆ ಅಲ್ಲಿ ಹಣ ಕೊಡಬೇಕಾಗಿಲ್ಲ.